ದರೆ ಇಳಿಯದ ಆನೆ

ಅನಿಮೇಶನ್ನಿನಲ್ಲಿ ಪ್ರಾಣಿ ನಡೆಯಬೇಕಾದರೆ ಮೊದಲು ಅದರೊಳಗೆ ಒಂದೊಂದೇ ಮೂಳೆ ಕೂರಿಸಬೇಕು. ಆ ಕೆಲಸ ಮಾಡಿ ಮಾಡಿ ರೋಸಿಹೋಗಿ, ತಾನಾಗಿಯೇ ಮೂಳೆ ಕೂರಿಸುವ ಪ್ರೋಗ್ರಾಂ ಬರೆದೆ. ನಾಯಿ, ದನ, ಕುದುರೆ ಎಲ್ಲ ಚೆನ್ನಾಗಿಯೇ ನಡೆದವು. ಆನೆ ಬಂದರೆ ಏನು ಮಾಡಬೇಕೆಂದು ಶಾಲೆಯ ಮಕ್ಕಳಿಗೆ ಕಲಿಸುವ ಸಿನಿಮಾಕ್ಕೆ ಆನೆಯನ್ನೂ ಅದರಲ್ಲೇ ಮಾಡಿ, ಕಾಡಾನೆಗಳ ಕಾಟವಿರುವ ಗುತ್ತಿಗಾರು ಎಂಬ ಊರಿಗೆ ಒಯ್ದೆ.

ಅಲ್ಲಿ ಆನೆ ಓಡಿಸುವ ತಂಡದ ಹಿರಿಯರೊಬ್ಬರು ಲ್ಯಾಪ್‌ಟಾಪಿನತ್ತ ಬಗ್ಗಿದರು. ನನ್ನ ಆನೆ ದರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಅಂಚಿನಲ್ಲಿ ಇಳಿಯಲಾಗದೆ ತಡವರಿಸುತ್ತಿತ್ತು.

“ಇದು ಆನೆಯ ಚರ್ಮ ಹೊದ್ದ ದನ ಮಾರಾಯ್ರೆ. ಹಿಂಗಾಲು ಹೀಗೆ ಮಡಚುದು ಉಂಟಾ?”

“ನಾಲ್ಕು ಕಾಲಿನದ್ದೆಲ್ಲ ಹೀಗೇ ಅಲ್ವಾ?” ಎಂದೆ.

ಅವರು ಪಂಚೆ ಎತ್ತಿ ಕಟ್ಟಿ, ಅಂಗಳದಾಚೆಯ ದರೆಯಲ್ಲಿ ಮಂಡಿಯೂರಿ ಜಾರಿಕೊಂಡು ಇಳಿದೇ ಬಿಟ್ಟರು. “ಆನೆಗೆ ಹಿಂದೆ ನಮ್ಮ ಹಾಗೇ ಮಂಡಿ. ಹೀಗೇ ಬರುದು. ನಿಮ್ಮ ಸಿನಿಮಾ ನೋಡಿದ ಮಕ್ಕಳು, ದರೆ ಇಳಿದರೆ ಬಚಾವ್ ಅಂತ ಕೆಳಗೆ ನಿಂತರೆ ಎಂತ ಗತಿ?”

ಆ ಒಂದು ಆನೆಯನ್ನು ಕೈಯಲ್ಲಿ ತಿದ್ದಲು ಅರ್ಧ ಗಂಟೆ ಸಾಕಿತ್ತು. ಆದರೆ ನಾನು ಬಿಡುವವನಲ್ಲ. ಪ್ರೋಗ್ರಾಮನ್ನೇ ತಿದ್ದಿ, ಸಿನಿಮಾದ ಎಲ್ಲ ಪ್ರಾಣಿಗಳಿಗೂ ಹೊಸದಾಗಿ ಮೂಳೆ ಕೂರಿಸಿ, ವಾರ ಬಿಟ್ಟು ಮತ್ತೆ ಹೋದೆ.

ಆನೆ ಮಂಡಿಯೂರಿ ಸೊಗಸಾಗಿ ಇಳಿಯಿತು. ಶಹಬ್ಬಾಸ್‌ಗಾಗಿ ಅವರ ಮುಖ ನೋಡಿದೆ. ಅವರು ಪರದೆಯ ಮೂಲೆಗೆ ಬೆರಳಿಟ್ಟರು.

“ಆನೆ ಸರಿ ಉಂಟು. ಈ ದನಕ್ಕೆ ಎಂತ ಆದದ್ದು?”

ಆನೆಗೆ ಹೆದರಿ ಓಡಬೇಕಿದ್ದ ದನ, ಆನೆಯಷ್ಟೇ ಗಾಂಭೀರ್ಯದಿಂದ ಮಂಡಿಯೂರಿಕೊಂಡು ದರೆ ಇಳಿಯುತ್ತಿತ್ತು.