ಅಕ್ಕ ಕುಡಿದ ಮೆಂತ್ಯದ ಕಷಾಯ

ನನ್ನ ಅಕ್ಕ ಜಯಮ್ಮನಿಗೆ ನಾನು ವರ್ಷಕ್ಕೂ ಮೇಲ್ಪಟ್ಟು, ದಿನಕ್ಕೆರಡು ಸಲ ಮೋಸ ಮಾಡಿದೆ. ಮಾಗಡಿ ಕಡೆಯ ಪಂಡಿತರು ಅವಳ ಕ್ಯಾನ್ಸರಿಗೆಂದು ಕೊಟ್ಟ ನಾಟಿ ಔಷಧಿಯ ಪುಡಿಯನ್ನು ತಿಪ್ಪೆಗೆ ಸುರಿದೆ. ಅದರ ಬದಲು ಮೆಂತ್ಯ, ಒಂದು ಹಿಡಿ ಬೇವಿನ ಸೊಪ್ಪು ಕುದಿಸಿ, ಇದೇ ಪಂಡಿತರ ಕಷಾಯ ಎಂದು ಕುಡಿಸಿದೆ. ಅಕ್ಕ ಗುಣವಾದಳು. ಗುಣವಾದ ಮೇಲೂ ನಾನು ಬಾಯಿ ಬಿಡಲಿಲ್ಲ — ನಿಜವಾದ ತಪ್ಪು ಅಲ್ಲಿದೆ. ಮೊದಲನೆಯದಕ್ಕೆ ಭಯ ಕಾರಣ ಅಂದುಕೊಳ್ಳಬಹುದು. ಎರಡನೆಯದಕ್ಕೆ — ಏನು ಹೇಳಲಿ, ಹೊಗಳಿಕೆ ನನಗೆ ರುಚಿಸಿತ್ತು.

ನಮ್ಮಿಬ್ಬರನ್ನೂ ಕೈಲಾಂಚ ಹೋಬಳಿಯ ಒಂದೇ ಮನೆಗೆ, ಅಣ್ಣತಮ್ಮಂದಿರಿಗೆ ಕೊಟ್ಟರು. ಅಕ್ಕನೇ ಓರಗಿತ್ತಿಯೂ ಆದಳು. ತೋಟದ ತುಂಬ ಹಿಪ್ಪುನೇರಳೆ, ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಮನೆ, ಕೊಟ್ಟಿಗೆಯಲ್ಲಿ ಸೀಮೆ ಹಸು. ಹುಳದ ಮನೆ ಅಕ್ಕನದು, ಅಡುಗೆಮನೆ ನನ್ನದು. ಯಾರೂ ಕೂತು ಹಂಚಿದ್ದಲ್ಲ, ತಾನಾಗಿ ಹಾಗಾಯಿತು. ನೂರು ಜುಟ್ಟು ಒಂದಾದರೂ ಎರಡು ಜಡೆ ಒಂದಾಗುವುದಿಲ್ಲ ಅನ್ನುತ್ತಾರೆ. ನಮ್ಮ ಮನೆಗೆ ಬಂದು ನೋಡಿ ಆಮೇಲೆ ಹೇಳಿ ಎಂದು ನಾನು ಜಂಬದಿಂದ ಹೇಳುತ್ತಿದ್ದೆ.

ಅಕ್ಕನ ಎದೆಯಲ್ಲಿ ಗಂಟು ಸಿಕ್ಕಿದಾಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು, ಆಮೇಲೆ ಕಿಮೋ, ನಮ್ಮ ಕಡೆ ಕರೆಂಟು ಅನ್ನುವ ರೇಡಿಯೇಷನ್ ಎಲ್ಲ ಕೊಡಬೇಕು ಅಂದರು. ಅಕ್ಕ ಹಟ ಹಿಡಿದಳು. ನಮ್ಮ ಅತ್ತೆಗೆ ಮಾಗಡಿ ಪಂಡಿತರ ಮೇಲೆ ಬಹಳ ನಂಬಿಕೆ. ಅಕ್ಕನಿಗೂ ಅದೇ ಹಿಡಿಯಿತು. ಬೇಡಿಕೊಂಡು, ಅತ್ತು, ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು.

"ಆಸ್ಪತ್ರೆಗೆ ಬತ್ತೀನಿ. ಆದ್ರೆ ಪಂಡಿತ್ರ ಕಷಾಯ ಮಾತ್ರ ಬುಡಾಕಿಲ್ಲ. ಅದು ಬ್ಯಾಡ ಅಂದ್ರೆ ಇದೂ ಬ್ಯಾಡ" ಅಂದಳು.

ಪಂಡಿತರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಎಲೆ ಅಡಿಕೆ, ಒಂದು ತೆಂಗಿನಕಾಯಿ ಇಟ್ಟರೆ ಸಾಕು, ಇನ್ನೇನೂ ಮುಟ್ಟುತ್ತಿರಲಿಲ್ಲ. ಅಪ್ಪನಿಂದ ಬಂದ ವಿದ್ಯೆ ಎಂದು ಭಕ್ತಿಯಿಂದ ಪುಡಿ ಕಟ್ಟಿಕೊಟ್ಟರು. ಪಥ್ಯ ಹೇಳಿದರು — ಬದನೆಕಾಯಿ ಇಲ್ಲ, ಹುಣಸೆ ಇಲ್ಲ, ಬಾಡು ಇಲ್ಲ, ಅವರೆಕಾಯಿಯಂತೂ ಮನಸ್ಸಿನಲ್ಲೂ ನೆನೆಯಕೂಡದು. ಆಸ್ಪತ್ರೆಯನ್ನೂ ಬಿಡಬೇಡಿ ಎಂದು ಅವರೇ ಅಂದರು.

ಕಿಮೋ ಶುರುವಾಗುವ ಮುಂಚೆ, ಪುಡಿಯ ಪೊಟ್ಟಣ ಇನ್ನೂ ಬಿಚ್ಚದಿರುವಾಗಲೇ, ಆಸ್ಪತ್ರೆಯ ಡಾಕ್ಟರಮ್ಮನನ್ನು ನಾನೊಬ್ಬಳೇ ಹೋಗಿ ಕೇಳಿದೆ. ಆಕೆ ಗದರಲಿಲ್ಲ. "ಅದರಲ್ಲಿ ಏನೇನಿದೆ ಅಂತ ಗೊತ್ತಿಲ್ಲಮ್ಮ. ಯಾರೂ ಪರೀಕ್ಷೆ ಮಾಡಿ ನೋಡಿಲ್ಲ. ಕಿಮೋ ಜೊತೆ ಸೇರಿ ಲಿವರಿಗೆ ತೊಂದರೆ ಆದರೂ ಆಗಬಹುದು, ಬೇಡ" ಅಂದರು. ಅಕ್ಕನಿಗೆ ಇದನ್ನು ಹೇಳಿದ್ದರೆ ಅವಳು ಕಷಾಯ ಬಿಡುತ್ತಿರಲಿಲ್ಲ, ಆಸ್ಪತ್ರೆಯನ್ನೇ ಬಿಡುತ್ತಿದ್ದಳು. ಹಾಗೆಂದು ನಾನು ತಿಳಿದೆ. ಕೇಳಿ ನೋಡಲಿಲ್ಲ — ಅವಳ ದೇಹ, ಅವಳ ಜೀವ, ಒಂದು ಮಾತು ಕೇಳಬಹುದಿತ್ತು.

ಅಂದಿನಿಂದ ಮೆಂತ್ಯ. ಕಹಿ ಸಾಲದು ಅನಿಸಿದ ದಿನ ಬೇವು ಜಾಸ್ತಿ. ಅಕ್ಕ ಮುಖ ಕಿವುಚಿಕೊಂಡು ಲೋಟ ಖಾಲಿ ಮಾಡಿ, "ಪಂಡಿತ್ರ ಕೈಯಲ್ಲಿ ಏನೋ ಐತೆ ಕಣಮ್ಮಿ, ಕುಡುದ್ರೆ ಹೊಟ್ಟೆ ತಣ್ಣಗಾಯ್ತದೆ" ಅನ್ನುತ್ತಿದ್ದಳು. ಹೂಂ ಅನ್ನುತ್ತಿದ್ದೆ. ಪುಡಿ ಬಿದ್ದ ತಿಪ್ಪೆಯಲ್ಲಿ ಆ ವರ್ಷ ಕುಂಬಳದ ಬಳ್ಳಿ ಚೆನ್ನಾಗಿ ಹಬ್ಬಿತು. ಅದು ಪುಡಿಯ ಗುಣವೋ ಸಗಣಿಯ ಗುಣವೋ, ದೇವರಿಗೇ ಗೊತ್ತು.

ಅಕ್ಕ ಉಳಿದಳು. ಕೂದಲು ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ. ಪರೀಕ್ಷೆಗೆ ಹೋದಾಗಲೆಲ್ಲ ಡಾಕ್ಟರಮ್ಮ ನಕ್ಕು ಕಳಿಸುತ್ತಿದ್ದರು. ಮನೆಯಲ್ಲಿ ಮತ್ತೆ ಜಗಳ, ನಗು, ಸೊಪ್ಪು ಕೊಯ್ಯುವ ಗಡಿಬಿಡಿ. ನಾನು ಸುಖವಾಗಿದ್ದೆ. ಈಗಲೂ ಇದ್ದೇನೆ, ಸುಳ್ಳು ಹೇಳುವುದಿಲ್ಲ. ಬಂದ ನೆಂಟರ ಮುಂದೆ ಅಕ್ಕ, "ಒಂದ್ ಹೊತ್ತೂ ತಪ್ಪಿಸ್ದಂಗೆ ಕಷಾಯ ಕಾಸಿಕೊಟ್ಟು ನನ್ ಜೀವ ಉಳ್ಸಿದ್ದು ಇವ್ಳೇ" ಅನ್ನುವಳು. ಆಗ ನಾನು ಸೆರಗು ಸರಿ ಮಾಡಿಕೊಂಡು ತಲೆ ತಗ್ಗಿಸುತ್ತಿದ್ದೆ. ನಾಚಿಕೆ ಅಂತ ಅವರು ತಿಳಿದರು. ನಾಚಿಕೆಯೂ ಇತ್ತು — ಸಂತೋಷವೂ ಇತ್ತು. ಚಿಕ್ಕವಳಾದ ನನ್ನನ್ನು ಅಕ್ಕ ಅಷ್ಟು ಹೊಗಳಿದ್ದು ಅದೇ ಮೊದಲು.

ನಿಧಾನವಾಗಿ ಅವಳ ಮಾತಿನ ವರಸೆ ಬದಲಾಯಿತು. ಮೊದಲು ಆಸ್ಪತ್ರೆಯೂ ಕಷಾಯವೂ ಎರಡೂ ಅನ್ನುತ್ತಿದ್ದಳು. ಆಮೇಲೆ ಆಸ್ಪತ್ರೆಯವರು ಕೂದಲು ಉದುರಿಸಿದರು, ಪಂಡಿತರು ಜೀವ ಉಳಿಸಿದರು ಎಂದಾಯಿತು. ಯಾರಿಗಾದರೂ ಕ್ಯಾನ್ಸರ್ ಎಂದು ಕಿವಿಗೆ ಬಿದ್ದರೆ ಫೋನ್ ಮಾಡಿ ಪಂಡಿತರ ಊರಿನ ದಾರಿ ಹೇಳುತ್ತಿದ್ದಳು. ನಾನು ಒಳಗೆ ಒಗ್ಗರಣೆ ಹಾಕಿಕೊಂಡು ಕೇಳಿಸಿಕೊಳ್ಳುತ್ತಿದ್ದೆ.

ಹುಳದ ಮನೆಯಲ್ಲಿ ಇದೇ ಅಕ್ಕ ಎಂಥ ಜಾಣೆ. ರೋಗಕ್ಕೆ ಹೊಸ ಪುಡಿ ಬಂದಿದೆ ಎಂದು ಯಾರಾದರೂ ತಂದರೆ, ಎಲ್ಲ ತಟ್ಟೆಗೂ ಉದುರಿಸಲು ಬಿಡುವುದಿಲ್ಲ. ಅರ್ಧದಷ್ಟು ತಟ್ಟೆಗಳಿಗೆ ಹಾಕಿ, ಉಳಿದವನ್ನು ಹಾಗೇ ಬಿಟ್ಟು, ಗೂಡು ಕಟ್ಟುವ ತನಕ ನೋಡುತ್ತಾಳೆ. ಆ ಬೆಳೆಯಲ್ಲಿ ಸೊಪ್ಪಿನ ತೋಟವನ್ನೂ ಬದಲಾಯಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ಹೇಗೆ ತಿಳಿಯಬೇಕು — ಇದು ಅವಳ ಲೆಕ್ಕ. ತನ್ನ ದೇಹದ ವಿಷಯಕ್ಕೆ ಮಾತ್ರ ಆ ಲೆಕ್ಕ ಅವಳಿಗೆ ಹೊಳೆಯಲಿಲ್ಲ. ಹೊಳೆದರೂ ಉತ್ತರ ಅವಳ ಹತ್ತಿರ ಇರಲಿಲ್ಲ, ನನ್ನ ಹತ್ತಿರ ಇತ್ತು. ಪಂಡಿತರ ಪುಡಿಯಲ್ಲಿ ಗುಣ ಇದೆಯೋ ಇಲ್ಲವೋ ನಾನರಿಯೆ. ಅಕ್ಕನ ಹೊಟ್ಟೆಗೆ ಅದು ಹೋಗಲಿಲ್ಲ, ಅದಷ್ಟು ಗೊತ್ತು.

ಈ ಸಲ ಅವರೆಕಾಯಿ ಶುರುವಾಗುವ ಹೊತ್ತಿಗೆ ಮರಳವಾಡಿಯಿಂದ ಶೋಭಾ ಬಂದಳು. ನಮ್ಮ ಸೋದರಮಾವನ ಸೊಸೆ, ಅಕ್ಕನಿಗಿದ್ದ ಕಾಯಿಲೆಯೇ ಅವಳಿಗೆ. ಆಪರೇಷನ್ ಆಗಿತ್ತು, ಕಿಮೋ ಒಂದು ಸಲ ಆಗಿತ್ತು. ಕೂದಲು ಹೋದ ತಲೆಗೆ ಟವೆಲ್ ಸುತ್ತಿಕೊಂಡು ಜಗಲಿಯ ಮೇಲೆ ಕೂತು, "ಅಕ್ಕಯ್ಯ, ಇನ್ನೊಂದ್ ಸಲ ನನ್ ಕೈಲಿ ಆಗಾಕಿಲ್ಲ. ನೀವು ಯಂಗ್ ಉಳುಕೊಂಡ್ರಿ, ಅದೊಂದು ಹೇಳಿ" ಅಂದಳು.

ಅಕ್ಕ ಅವಳ ಕೈ ಹಿಡಿದುಕೊಂಡು, "ಬುಟ್ಬುಡು ಆ ಹಾಳ್ ಕಿಮೋನ. ಪಂಡಿತ್ರ ತಾವ ಹೋಗು. ನಾನೇ ಸಾಕ್ಷಿ ಕುಂತಿಲ್ವಾ ನಿನ್ ಮುಂದೆ" ಅಂದಳು.

ಶೋಭಾಳ ಮುಖದಲ್ಲಿ ಆ ಕ್ಷಣ ಸಮಾಧಾನ ಬಂದದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಆಗಲೂ ಹೇಳಲಿಲ್ಲ. ಅವಳನ್ನು ಬಸ್ಸು ಹತ್ತಿಸಿ ಬಂದೆ.

ಮಾರನೆಯ ದಿನ ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅಕ್ಕನ ಪಕ್ಕ ಹೋಗಿ ನಿಂತೆ. ಹೇಗೆ ಶುರು ಮಾಡಿದೆನೋ ನೆನಪಿಲ್ಲ. "ನೀನು ಕುಡ್ದಿದ್ದು ಪಂಡಿತ್ರ ಔಷ್ದಿ ಅಲ್ಲ ಕಣಕ್ಕ. ಮೆಂತ್ಯ. ಒಸಿ ಬೇವು" ಅಂದದ್ದು ಮಾತ್ರ ನೆನಪಿದೆ.

ಅಕ್ಕ ಆ ತಟ್ಟೆಗೆ ಸೊಪ್ಪು ಹರಡುವುದನ್ನು ಮುಗಿಸಿದಳು. ಆಮೇಲೆ ತಿರುಗಿ, "ಒಂದ್ ದಿನಾನೂ?" ಅಂದಳು.

"ಒಂದ್ ದಿನಾನೂ ಇಲ್ಲ."

"ಎರಡು ಅವರೆಕಾಯಿ ಕಾಲ ಕಣಮ್ಮಿ. ಮನೇರೆಲ್ಲ ಹಿದಕಿದ್ ಬೇಳೆ ಸಾರಲ್ಲಿ ಉಣ್ತಿದ್ರೆ ನಾನು ಹೆಸರುಬೇಳೆ ಕಟ್ಟು ಕುಡ್ಕೊಂಡು ಮೂಲೇಲಿ ಕುಂತಿದ್ದೆ. ಬಡಿಸ್ತಿದ್ದೋಳೂ ನೀನೇ."

ನಗು ಬಂತು, ನಗುವ ಹಕ್ಕು ನನಗಿರಲಿಲ್ಲ. ಅವಳ ಮುಖ ನೋಡನೋಡುತ್ತ ಬದಲಾಯಿತು. "ಅಯ್ಯೋ, ಶೋಭಂಗೆ ನಾನೇನು ಹೇಳಿ ಕಳಿಸ್ಬುಟ್ಟೆ" ಅಂದವಳೇ ಕೈ ಒರೆಸಿಕೊಂಡು ಫೋನ್ ತೆಗೆದಳು.

"ನಾನ್ ಕಣವ್ವ. ನಿನ್ನೆ ಹೇಳಿದ್ದ ಮರ್ತುಬುಡು. ನಾನು ಪಂಡಿತ್ರ ಔಷ್ದಿ ಕುಡ್ದೇ ಇಲ್ಲ, ನನ್ ಹೊಟ್ಟೇಗ್ ಹೋಗಿದ್ದು ಬರೀ ಮೆಂತ್ಯ. ಗುಣ ಮಾಡಿದ್ದು ಆಸ್ಪತ್ರೆ. ನೀನು ಹೋಗು. ಜೊತೇಗೆ ನಾನೇ ಬತ್ತೀನಿ."

ಹೋದಳು ಕೂಡ. ಶೋಭಾಳ ಕಿಮೋ ಈಗ ನಡೆಯುತ್ತಿದೆ, ಪ್ರತಿ ಸಲವೂ ಅಕ್ಕ ಪಕ್ಕದಲ್ಲಿ ಕೂತಿರುತ್ತಾಳೆ. ಮನೆಯಲ್ಲಿ ಕೆಲವು ದಿನ ನಾನು ಕೊಟ್ಟ ಕಾಫಿಯನ್ನು ಮೂಸಿ ನೋಡಿ ಕುಡಿದಳು. ತಮಾಷೆಗೋ ನಿಜಕ್ಕೋ, ಕೇಳುವ ಧೈರ್ಯ ಬರಲಿಲ್ಲ. ಅವರೆಕಾಯಿ ಸಾರನ್ನು ಮಾತ್ರ ದಿನವೂ ಮಾಡಿಸಿಕೊಂಡು, ಮನೆಯವರೆಲ್ಲ ಸಾಕಪ್ಪಾ ಅನ್ನುವ ತನಕ ಉಂಡಳು. ಅವಳು ಉಣ್ಣುವುದನ್ನು ನೋಡುವುದೇ ನನಗೊಂದು ಹಬ್ಬವಾಗಿತ್ತು.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಮೊನ್ನೆ ಅಕ್ಕನೂ ನಾನೂ ಮಾಗಡಿ ಬಸ್ಸು ಹಿಡಿದು ಪಂಡಿತರ ಮನೆಗೆ ಹೋದೆವು. ಅವರ ಎದುರು ಕೂತು ಎಲ್ಲವನ್ನೂ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಸಿಟ್ಟಾಗಲಿಲ್ಲ.

"ಮುಂಚೆ ನಾನು ಯಾರ್ಗೂ ಆಸ್ಪತ್ರೆ ಬುಡಿ ಅಂದೋನಲ್ಲ ಕಣವ್ವ" ಅಂದರು. "ನಿಮ್ಮಕ್ಕನ್ನ ನೋಡುದ್ ಮ್ಯಾಲೆ ನಂಗೇ ನಂಬ್ಕೆ ಬಂದ್ಬುಡ್ತು. ಕನಕಪುರದ್ ಕಡೆ ಟೈಲರ್ ಒಬ್ರು, ನಿಮ್ಮಕ್ಕನ ಹೆಸ್ರು ಹೇಳ್ಕಂಡೇ ಬಂದಿದ್ರು. ಆಸ್ಪತ್ರೆ ಬುಟ್ಬುಟ್ಟೆ ಅಂದ್ರು. ಒಳ್ಳೇದಾಯ್ತು ಅಂದೆ ನಾನು."

"ಈಗ ಯಂಗವ್ರೆ?" ಅಂದಳು ಅಕ್ಕ.

"ಈಚ್ಗೆ ಬಂದಿಲ್ಲ."

ಆ ಪುಡಿಯೊಂದೇ ಸಾಕೇ ಎಂದು ಅವರಿಗಿದ್ದ ಅನುಮಾನವನ್ನು ಅಳಿಸಿದ್ದು ನಾನು. ಒಲೆಯ ಮುಂದೆ ನಿಂತು, ಒಬ್ಬಳಿಗೆ ಹೇಳಿದ ಸುಳ್ಳು ಅಂದುಕೊಂಡಿದ್ದೆ. ಅದು ಅಡುಗೆಮನೆ ದಾಟಿ, ತಾಲ್ಲೂಕು ದಾಟಿ, ಯಾರದೋ ಮನೆಯ ಒಳಗೆ ಹೋಗಿ ಕೂತಿದೆ. ಆ ಟೈಲರ್ ನನ್ನನ್ನು ನೋಡಿಲ್ಲ, ನಾನೂ ಅವರನ್ನು ನೋಡಿಲ್ಲ. ಅವರಿಗೆ ಹೆಂಡತಿ ಇದ್ದಾಳೋ, ತಂಗಿ ಇದ್ದಾಳೋ —

ಮನೆಗೆ ಬಂದು, ನಾನೊಬ್ಬಳೇ ಕನಕಪುರಕ್ಕೆ ಹೋಗಿ ಬರುತ್ತೇನೆ ಅಂದಾಗ ಅಕ್ಕ ಬಿಡಲಿಲ್ಲ.

"ಸುಳ್ಳು ನಿಂದು. ಅದ್ನ ಊರಿಗೆಲ್ಲ ಹೇಳ್ಕೊಂಡ್ ಬಂದ ಬಾಯಿ ನಂದು. ಇಬ್ರೂ ಹೋಗಾನ."

ಪಂಡಿತರಿಂದ ಊರಿನ ಹೆಸರು ಕೇಳಿಕೊಂಡಿದ್ದೇವೆ. ನಾಳೆ ಹುಳಕ್ಕೆ ಸೊಪ್ಪು ಹಾಕಿ, ಹಾಲು ಕರೆದಿಟ್ಟು ಹೊರಡುತ್ತೇವೆ. ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು, ಒಂದೂ ತೋಚಿಲ್ಲ. ಬಾಗಿಲನ್ನು ಆ ಟೈಲರೇ ತೆಗೆದರೆ, ಈಗಲಾದರೂ ಆಸ್ಪತ್ರೆಗೆ ಹೋಗಿ ಎಂದು ಕಾಲು ಹಿಡಿದಾದರೂ ಕೇಳುತ್ತೇನೆ. ಬೇರೆಯವರು ತೆಗೆದರೂ — ನಿಂತು ನಿಜ ಹೇಳಲೇಬೇಕು.