ಅಮ್ಮನ ದನಿ, ಅಕ್ಕನ ಫೈನಲ್

ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು, ಬಾಯಲ್ಲಿ ಕಡಲೆಬೀಜ ಇನ್ನೂ ಅರ್ಧ ಅಗಿಯುತ್ತಿರುವಾಗಲೇ ನಾನು ಅಮ್ಮನ ದನಿಯಲ್ಲಿ ಕೂಗಿದೆ, ಅಕ್ಕ ತಿರುಗಿದಳು, ಚೆಂಡು ಹೋಯಿತು. ಅಪರಾಧ ಇಷ್ಟೇ. ವಿಚಾರಣೆಗೆ ಮೊದಲೇ ತಪ್ಪೊಪ್ಪಿಕೊಂಡವನಿಗೆ ಶಿಕ್ಷೆ ಕಡಿಮೆಯಂತೆ, ಅದಕ್ಕೇ, ಓದುಗ ಮಿತ್ರರೇ, ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಟ್ಟೆ.

ನನ್ನ ಕಂಠ ನನ್ನ ಸ್ವಂತದ್ದಲ್ಲ. ಬಾಡಿಗೆಗೆ ಬಿಟ್ಟ ಮನೆಯ ಹಾಗೆ ಅಲ್ಲಿ ಯಾರ್ಯಾರೋ ಬಂದು ಇರುತ್ತಾರೆ. ಯುಗಾದಿ ಕಾರ್ಯಕ್ರಮದಲ್ಲಿ ಮೈಕು ಸಿಕ್ಕರೆ ಬಿಡದ ನಮ್ಮ ಕನ್ನಡ ಕೂಟದ ಅಧ್ಯಕ್ಷರು, ಬಾಯಲ್ಲಿ ಮೈಸೂರುಪಾಕು ಇಟ್ಟುಕೊಂಡೇ "ಸಕ್ಕರೆ ಬಿಟ್ಟಿದ್ದೀರಿ ತಾನೇ?" ಎಂದು ವಿಚಾರಿಸುವ ಡಾಕ್ಟರ್ ಅಂಕಲ್, ಧಾರವಾಡದ ಕನ್ನಡವನ್ನು ಬರ್ಮಿಂಗ್‌ಹ್ಯಾಮಿನ ಇಂಗ್ಲಿಷಿನಲ್ಲಿ ಅದ್ದಿ ತೆಗೆಯುವ ಪಕ್ಕದ ಮನೆ ಆಂಟಿ, ಎಲ್ಲರೂ ಅಲ್ಲಿನ ಖಾಯಂ ನಿವಾಸಿಗಳು. ನನ್ನದೇ ದನಿ ಯಾವುದೆಂದು ಮಾತ್ರ ನನಗೂ ಅನುಮಾನ, ಫೋನಿನಲ್ಲಿ "ನಾನು" ಅಂದರೆ "ಯಾವ ನಾನು?" ಎಂದೇ ಕೇಳುತ್ತಾರೆ. ಈ ಎಲ್ಲರ ನಡುವೆ ನನ್ನ ಮೇರುಕೃತಿಯೆಂದರೆ ಅಮ್ಮ. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ಆಗಿರುವ ಈಕೆ ರೋಗಿಗಳ ಮುಂದೆ ಪಿಸುಮಾತಿನವಳು. ಮಕ್ಕಳನ್ನು ಕರೆಯುವಾಗ ಮಾತ್ರ ಹೆಸರಿನ ಕೊನೆಯ ಅಕ್ಷರವನ್ನು ಮೆಟ್ಟಿಲು ಹತ್ತಿಸಿ ಮಹಡಿಗೆ ಕಳಿಸುತ್ತಾಳೆ.

ಅಕ್ಕ ನಯನಾಗೆ ಎಜ್‌ಬಾಸ್ಟನ್ನಿನಲ್ಲಿ ವೈದ್ಯಕೀಯದ ಕೊನೆಯ ವರ್ಷ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅವಳೇ ನಾಯಕಿ. ಇಂಗ್ಲೆಂಡಿನ ಕಾಲೇಜುಗಳ ಮಹಿಳಾ ಪಂದ್ಯಾವಳಿಯಲ್ಲಿ ಅವಳ ತಂಡ ಪ್ರತಿ ಸಲವೂ ಸೆಮಿಫೈನಲ್ಲಿನಲ್ಲಿ ಸೋತು, ನಗುಮುಖ ಮಾಡಿಕೊಂಡು ಫೋಟೋಗೆ ನಿಂತು ಬಂದಿದೆ. ಬೇಸಿಗೆ ಕಳೆದರೆ ಆಸ್ಪತ್ರೆಯ ಡ್ಯೂಟಿ ರೋಟಾ ಅವಳನ್ನು ಇಡಿಯಾಗಿ ನುಂಗುತ್ತದೆ. ಈ ಶನಿವಾರ ಕಪ್ಪು ಬಂದರೆ ಬಂತು, ಇಲ್ಲದಿದ್ದರೆ ಎಂದಿಗೂ ಇಲ್ಲ. ಇದೆಲ್ಲ ಗೊತ್ತಿದ್ದೂ, ಅದೇ ಶನಿವಾರ ಬೆಳಿಗ್ಗೆ ಮ್ಯಾಂಚೆಸ್ಟರಿನವರ ಎದುರಿನ ಸೆಮಿಫೈನಲ್ಲಿನ ನಡುವೆ, ಅಮ್ಮ ಇನ್ನೂ ಕಾರಿಗೆ ಜಾಗ ಹುಡುಕುತ್ತಿದ್ದಾಗ, ಪಕ್ಕದ ಗೆಳೆಯರನ್ನು ನಗಿಸಲೆಂದು ನಾನು "ನಯನಾ... ಇಲ್ನೋಡೇ" ಅಂದೆ.

ಆ ಕ್ಷಣವನ್ನು ಆಮೇಲೆ ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ಇಡೀ ಕ್ರೀಡಾಂಗಣ ಇಂಗ್ಲಿಷಿನಲ್ಲಿ ಭೋರ್ಗರೆಯುತ್ತಿತ್ತು; ಅವಳ ಕೋಚು ಗಂಟಲು ಹರಿಯುವಂತೆ ಅರಚುತ್ತಿದ್ದದ್ದೂ ಅವಳಿಗೆ ಕೇಳಿಸುತ್ತಿರಲಿಲ್ಲ. ಆ ಗದ್ದಲದ ನಡುವೆ ಈ ಎರಡು ಕನ್ನಡ ಪದಗಳು ಸರಿಯಾದ ಪೋಸ್ಟ್‌ಕೋಡ್ ಬರೆದ ಲಕೋಟೆಯ ಹಾಗೆ ನೆಟ್ಟಗೆ ಹೋಗಿ ಅವಳ ಕಿವಿಯಲ್ಲಿ ಬಿದ್ದವು. ತಾಯಿಯ ಕರೆಗೆ ತಿರುಗುವ ಕತ್ತು ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ. ನರಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿದವಳ ಕತ್ತೂ ಅಷ್ಟೇ. ಎದುರಾಳಿ ಹುಡುಗಿ ಚೆಂಡು ಕಸಿದು ಬುಟ್ಟಿಗೆ ಹಾಕಿಯೇಬಿಟ್ಟಳು. ನಮ್ಮವರು ಏದುಸಿರು ಬಿಡುತ್ತಾ ಹೇಗೋ ಗೆದ್ದು ಫೈನಲ್ಲಿಗೆ ಬಂದರೆಂಬುದು ದೇವರ ದಯೆ, ನನ್ನದಲ್ಲ.

ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ ಅಕ್ಕನೆದುರು ಕೈಮುಗಿದು ನಿಂತು, ಅಧ್ಯಕ್ಷರ ಗಂಭೀರ ದನಿಯಲ್ಲಿ, "ಸಮಸ್ತ ಕನ್ನಡ ಬಾಂಧವರ ಪರವಾಗಿ ಕ್ಷಮೆ ಯಾಚಿಸುತ್ತಾ..." ಎಂದು ಆರಂಭಿಸಿದೆ.

"ಲೋ, ನಿನ್ನ ಸ್ವಂತ ದನೀಲಿ ಸಾರಿ ಕೇಳೋಕೆ ಬರುತ್ತಾ?" ಅಂದಳು ಅಕ್ಕ.

"ಹುಡುಕ್ತಾ ಇದ್ದೀನಿ ಅಕ್ಕ."

"ಸಿಗೋವರೆಗೂ ಬಾಯಿಗೆ ಚಿತ್ರಾನ್ನ ತುಂಬ್ಕೊಂಡಿರು."

ಲೀಡ್ಸಿನವರೆದುರು ಫೈನಲ್ ನಡೆದಷ್ಟು ಹೊತ್ತೂ ಈ ಆಜ್ಞೆಯನ್ನು ಶಿರಸಾವಹಿಸಿ, ಎರಡೂ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದೆ. ಕೊನೆಯ ಗಳಿಗೆ; ನಮಗೆ ಒಂದು ಅಂಕ ಕಡಿಮೆ; ಚೆಂಡು ಅಕ್ಕನ ಕೈಯಲ್ಲಿ. ಆಗ ನನ್ನ ಪಕ್ಕದಲ್ಲಿ ಸಾಕ್ಷಾತ್ ಅಮ್ಮ ಎದ್ದು ನಿಂತಳು. "ನಯನಾ... ಲೇಸ್ ಬಿಚ್ಚಿದೆ, ಬೀಳ್ತೀಯ, ನಿಲ್ಲೇ." ನಮ್ಮ ಸಾಲಿನವರೆಲ್ಲ ನನ್ನತ್ತ ಕೆಕ್ಕರಿಸಿದರು, ನಾನು ತುಂಬಿದ ಬಾಯಿಯನ್ನೇ ತೆರೆದು ಸಾಕ್ಷ್ಯ ಒದಗಿಸಿದೆ. ಆದರೆ ಒಳಗೊಳಗೇ ಸಣ್ಣದೊಂದು ಅವಮಾನವಾಯಿತು. ಏರಿಳಿತ, ಉಸಿರು, ಮಹಡಿ ಹತ್ತುವ ಕೊನೆಯ ಅಕ್ಷರ ಎಲ್ಲವೂ ನನ್ನ ನಕಲಿನಲ್ಲಿ ಇದ್ದವು. ಆ ಕೂಗಿನ ಅಡಿಯಲ್ಲಿದ್ದ ನಡುಕ ಮಾತ್ರ ಇರಲಿಲ್ಲ. ಜನರ ದನಿಯನ್ನು ಕದಿಯುವುದು ಸುಲಭ, ಆ ದನಿಯನ್ನು ಏರಿಸುವ ಕಳವಳವನ್ನು ಕದಿಯಲು ಬಾರದು ಎಂದು ನನ್ನಂಥ ವಾಚಾಳಿಗೂ ಮೌನದಲ್ಲಿ ಹೊಳೆಯಿತು. ಚಿತ್ರಾನ್ನದ ಮಹಿಮೆ.

ಅಕ್ಕ ತಿರುಗಲಿಲ್ಲ. ಬಿಚ್ಚಿದ ಲೇಸಿನಲ್ಲೇ ಹಾರಿದಳು. ಚೆಂಡು ರಿಂಗಿನ ಅಂಚಿನಲ್ಲಿ, ಹೋಗಬೇಕಾದ ಮನೆ ಮರೆತವರ ಹಾಗೆ, ಒಂದು ಸುತ್ತು ಹಾಕಿ ಒಳಗೆ ಬಿತ್ತು, ಸೀಟಿ ಮೊಳಗಿತು, ಒಂದೇ ಅಂಕದಲ್ಲಿ ಗೆದ್ದರು.

ನನ್ನ ವಿವೇಕ ಅಲ್ಪಾಯುಷಿ. ಅಕ್ಕ ಕಪ್ಪನ್ನು ಕಂಕುಳಲ್ಲಿ ಇರುಕಿಕೊಂಡು ಬಂದದ್ದೇ ತಡ, ಅಮ್ಮನ ಎದುರೇ ನನ್ನ ಪಾಲು ಕೇಳಿದೆ. "ಅರ್ಧ ಕಪ್ಪು ನಂದು ಅಕ್ಕ. ಬೆಳಿಗ್ಗೆ ನಾನು ಯಾಮಾರಿಸಿದ್ದಕ್ಕೇ ತಾನೇ, ಈಗ ಅಮ್ಮ ಕರೆದಾಗ ಇದೂ ನಾನೇ ಅಂದ್ಕೊಂಡು ನೀನು ತಿರುಗದೇ ಇದ್ದದ್ದು?"

ಅಕ್ಕ ಕಪ್ಪನ್ನು ಅಮ್ಮನ ಕೈಗೆ ಕೊಟ್ಟು, ಬೆವರು ಒರೆಸಿಕೊಂಡು, ನಿಧಾನವಾಗಿ ಹೇಳಿದಳು:

"ಅಮ್ಮಾನೇ ಅಂತ ಗೊತ್ತಾಗಿದ್ದಕ್ಕೇ ತಿರುಗಲಿಲ್ಲ ಕಣೋ, ತಿರುಗಿದ್ರೆ ಲೇಸ್ ಕಟ್ಟೋವರೆಗೂ ಬಿಡ್ತಿರಲಿಲ್ಲ. ನೀನು ಅಂದ್ಕೊಂಡಿದ್ರೆ ತಿರುಗಿ, ಬಾಲು ನಿನ್ನ ತಲೆಗೇ ಹಾಕ್ತಿದ್ದೆ."