ಮಂಚದವರೆಗೆ ಚಾಚುವ ಪರದೆ

ನಮ್ಮ ಕೆಳಗಿನ ಮನೆಯ ಭಾನುಪ್ರಿಯಾ ಲಗ್ನಪತ್ರಿಕೆಗಳ ಡಿಟಿಪಿ ಮಾಡುವವಳು. ಕುಂಬಾರಕೊಪ್ಪಲಿನ ಆ ಪುಟ್ಟ ಮನೆಯಲ್ಲಿ ಮುಂದಿನ ಕೋಣೆಯೇ ಅಂಗಡಿ, ಅದೇ ಮಲಗುವ ಕೋಣೆ. ಅವಳು ಟೈಪ್ ಮಾಡುವುದು, ಗಂಡ ಗೌತಮ್ ಪಕ್ಕದಲ್ಲಿ ಕುಳಿತು ಪರದೆ ನೋಡಿ ಗಟ್ಟಿಯಾಗಿ ಓದುವುದು, ಇದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಅವನ ಓದು ಮಹಡಿಯ ಮೇಲಿನ ನನಗೂ ಕೇಳುತ್ತಿತ್ತು. ಯಾರ ಮದುವೆ, ಯಾವ ಛತ್ರ, ಸೋದರಮಾವಂದಿರು ಯಾರು ಎಂಬುದೆಲ್ಲ ಅಚ್ಚಾಗುವ ಮೊದಲೇ ನನಗೆ ಬಾಯಿಪಾಠ. ಒಬ್ಬರಾದರೂ ಊಟಕ್ಕೆ ಕರೆದಿದ್ದರೆ ಕೇಳಿ.

ಕಳೆದ ವರ್ಷ ಬನ್ನಿಮಂಟಪದ ಹತ್ತಿರ ಸ್ಕೂಟರಿನಿಂದ ಬಿದ್ದು ಗೌತಮ್ ಸೊಂಟ ಮುರಿದುಕೊಂಡ. ಆಪರೇಷನ್ ಆಯಿತು, ಎದ್ದು ಕೂರಲು ಇನ್ನೂ ಸಮಯ ಬೇಕು ಎಂದರು. ಹಾಸಿಗೆ ಹಿಡಿದವನು ಮಾತನ್ನೂ ಬಿಟ್ಟ. ಪ್ರಿಂಟ್ ಕೊಟ್ಟರೆ ಎತ್ತಿ ಹಿಡಿದು ಕೈ ಸೋತು ಎದೆಯ ಮೇಲೆ ಬೀಳಿಸುವನು. ಮೊಬೈಲಿನಲ್ಲಿ ಒತ್ತಕ್ಷರ ಕಾಣದು. "ನೀನೇ ನೋಡ್ಕೋ ಭಾನು" ಎಂದು ಮುಖ ತಿರುಗಿಸಿಬಿಡುವನು.

ಅವಳೇ ನೋಡಿಕೊಂಡಳು. ಒಂದು ಪತ್ರಿಕೆಯಲ್ಲಿ ವರನ ಸೋದರಮಾವನ ಹೆಸರೇ ಬಿಟ್ಟುಹೋಗಿ, ಆತ ಮದುವೆಗೇ ಬರುವುದಿಲ್ಲವೆಂದು ಪಟ್ಟು ಹಿಡಿದ. ಮತ್ತೆ ಅಚ್ಚು ಹಾಕಿಸಿದ್ದಾಯಿತು. ಆದರೆ ಅವಳ ಸಂಕಟ ಅದಲ್ಲ. "ತಪ್ಪಾದ್ರೆ ತಿದ್ಬೋದು ಬುಡಿ ಅಣ್ಣ" ಎಂದಳು ಮೆಟ್ಟಿಲ ಹತ್ತಿರ. "ಅವರು ಓದೋದ್ ಕೇಳ್ದೆ ಆ ಕುರ್ಚಿ ಮೇಲೆ ಕೂರಾಕೇ ಆಗ್ತಿಲ್ಲ."

ಬ್ಯಾಂಕಿನ ಕೌಂಟರಿನಲ್ಲಿ ಗುಮಾಸ್ತ ಮಡಚುವ ಲೋಹದ ತೋಳಿಗೆ ಸಿಕ್ಕಿಸಿದ್ದ ತನ್ನ ಮಾನಿಟರನ್ನು ಒಂದೇ ಕೈಯಲ್ಲಿ ಎಳೆದು ತಿರುಗಿಸಿದ್ದನ್ನು ಕಂಡ ದಿನ ಅವಳಿಗೆ ಉಪಾಯ ಹೊಳೆಯಿತು. ಟೇಬಲ್ಲಿನಿಂದ ಗಂಡನ ಮುಖದವರೆಗೆ ಟೇಪ್ ಹಿಡಿದು ಅಳೆದಳು. ತೋಳು ಭಾರ ತಡೆಯಬೇಕಲ್ಲ ಎಂದು ಮಾನಿಟರನ್ನು ದುಪ್ಪಟಿಯಲ್ಲಿ ಸುತ್ತಿ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿಸಿದಳು. ಒಂಟಿಕೊಪ್ಪಲಿನ ಕಂಪ್ಯೂಟರ್ ಅಂಗಡಿಯವನು ಗಿಡ್ಡ ತೋಳಿನ ಸ್ಟ್ಯಾಂಡ್ ತೋರಿಸಿ, "ಕತ್ತು ನೋವಿಗೆ ಇದೇ ಸಾಕು ಮೇಡಂ" ಎಂದನಂತೆ.

"ಕತ್ತು ನೋವಿಗಲ್ಲ. ಮಂಚದವರೆಗೂ ಬರ್ಬೇಕು."

ಎರಡು ಕಡೆ ಮಡಚುವ ಉದ್ದ ತೋಳಿನದನ್ನೇ ತರಿಸಿಕೊಂಡಳು. ಕೂರಿಸಲು ನನ್ನನ್ನು ಕರೆದಳು. ಟೇಬಲ್ಲಿನ ಹಲಗೆ ತೆಳುವಾಗಿದ್ದರಿಂದ ಕೆಳಗೊಂದು ಪ್ಲೈವುಡ್ ತುಂಡು ಕೊಟ್ಟು ಕ್ಲಾಂಪ್ ಬಿಗಿದೆ. ಅವಳು ಮಾನಿಟರ್ ಹಿಡಿದಳು, ನಾನು ಅದರ ಬೆನ್ನಿಗೆ ಸ್ಕ್ರೂ ಹಾಕಿದೆ. ಸ್ಪ್ರಿಂಗ್ ಬಿಗಿ ಹೆಚ್ಚಾಗಿ ಪರದೆ ತಾನೇ ಮೇಲೇರಿತು, ಸಡಿಲಿಸಿದ ಮೇಲೆ ಹೇಳಿದಲ್ಲಿ ನಿಂತಿತು. ಭಾನು ಅದನ್ನು ಮೆಲ್ಲಗೆ ಮಂಚದ ಮೇಲಕ್ಕೆ ಎಳೆದಳು.

ಅದು ಹೋಗಿ ಗೌತಮನ ಪಾದಗಳ ಮೇಲೆ ನಿಂತಿತು.

ಅಳತೆ ತೆಗೆದ ಮೇಲೆ ಊರಿಂದ ಬಂದಿದ್ದ ಅತ್ತೆ ಚಿಕ್ಕಮಾದಮ್ಮ, ಮಗನ ತಲೆ ಉತ್ತರಕ್ಕಿರುವುದನ್ನು ಕಂಡು ಎದೆ ಬಡಿದುಕೊಂಡು, ಆವತ್ತೇ ಅವನನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಮಲಗಿಸಿದ್ದಳು. ಹಾಸಿಗೆ ತಿರುಗಿಸಲು ಭಾನುವೇ ಕೈಜೋಡಿಸಿದ್ದಳು, ಅಳತೆ ಮಾತ್ರ ಜ್ಞಾಪಕಕ್ಕೆ ಬರಲಿಲ್ಲ. ಟೇಬಲ್ಲನ್ನೇ ಸರಿಸೋಣವೆಂದರೆ ಆ ಕಡೆ ಬಾಗಿಲು. ನನಗೆ ನಗು ತಡೆಯಲಾಗಲಿಲ್ಲ. ಭಾನು ನಗಲಿಲ್ಲ. ಎಷ್ಟು ಆಸೆಯಿಂದ ತಂದಿದ್ದಳೋ, ಕುರ್ಚಿಯಲ್ಲಿ ಕುಸಿದು ಕುಳಿತಳು.

ಗೌತಮ್ ಅವಳನ್ನೇ ನೋಡುತ್ತಿದ್ದ. "ನನ್ನ ತಿರುಗ್ಸಿ" ಎಂದ.

"ಉತ್ತರಕ್ಕೆ ತಲೆ ಹಾಕಿ ಮಲಗ್ಬಾರ್ದು ಕಣೋ" ಎಂದಳು ಅವ್ವ.

"ಮಲಗಾಕಲ್ಲ ಕಣವ್ವ. ಕೆಲ್ಸ ಮಾಡಾಕೆ."

ಚಿಕ್ಕಮಾದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರಿಗಿಂತ ಮೊದಲು ಬೆಡ್‌ಶೀಟಿನ ಮೂಲೆ ಹಿಡಿದಳು. ಮೂವರೂ ಸೇರಿ ಅವನನ್ನು ಎತ್ತಿ ತಿರುಗಿಸಿದೆವು.

ಭಾನು ಪರದೆಯನ್ನು ಅವನ ಮುಖದ ಮೇಲಕ್ಕೆ ಬಗ್ಗಿಸಿ ಹೊಸ ಪತ್ರಿಕೆಯೊಂದರ ಅಕ್ಷರ ದೊಡ್ಡದು ಮಾಡಿದಳು. ಅವನು ಗಂಟಲು ಸರಿಮಾಡಿಕೊಂಡ. ಆಮೇಲೆ ನಿಧಾನವಾಗಿ, ಮೊದಲಿನ ಹಾಗೆಯೇ, ಚಿರಂಜೀವಿ ಪುನೀತನಿಂದ ಹಿಡಿದು ಕೊನೆಯ ಸೋದರತ್ತೆಯವರೆಗೆ ಪೂರ್ತಿ ಓದಿದ.

"ಎಲ್ಲ ಸರಿಯಾಗೈತೆ" ಎಂದ.

ಭಾನು ಕುರ್ಚಿಯಲ್ಲಿ ಅವನಿಗೆ ಬೆನ್ನು ಹಾಕಿ ಕುಳಿತಿದ್ದಳು. ಕಣ್ಣು ಮುಚ್ಚಿತ್ತು, ಕೈ ಮಡಿಲಲ್ಲಿತ್ತು.

"ನನಗೆ ಸರಿಯಾಗಿ ಕೇಳಿಸ್ಲಿಲ್ಲ ಕಣ್ರೀ" ಎಂದಳು. "ಮೊದಲಿಂದ ಓದಿ."